ಸೋಮವಾರದೊಳಗೆ ಒಂದು ಉತ್ತರ

"ಕೈ ತೆಗೀರಿ! ಅದನ್ನ ಆಫ್ ಮಾಡಬೇಡಿ!"

ಕಂಪ್ಯೂಟರ್ ಮುಂದೆ ಬಗ್ಗಿದ್ದ ಆತ ಮೆಲ್ಲನೆ ತಿರುಗಿದ. ಕಸೂತಿ ಯಂತ್ರಗಳ ಸದ್ದಿನ ನಡುವೆ ಇಬ್ಬರ ಕಣ್ಣುಗಳು ಕೂಡಿದವು. ಕೈ ಹಿಂದೆ ತೆಗೆದ.

"ಆಫ್ ಮಾಡಿದ್ರೆ ಮತ್ತೆ ಏಳುತ್ತೋ ಇಲ್ವೋ... ಎರಡು ವರ್ಷದಿಂದ ಆಫ್ ಮಾಡಿಲ್ಲ," ಎಂದಳು ಅವಳು, ತನ್ನ ಕೂಗಿಗೆ ತಾನೇ ನಾಚಿ.

ಆತ, ಕಸೂತಿ ಘಟಕ ನಡೆಸುವ ಅವಳ ಅಣ್ಣ ಕರೆಸಿದ್ದ ಕಂಪ್ಯೂಟರ್ ರಿಪೇರಿಯವನು. ಅವರಿಂದ ಸಮವಸ್ತ್ರ ಕೊಳ್ಳುವ ದೊಡ್ಡ ಗಿರಾಕಿ ಕಾಗದ ಬರೆದಿದ್ದರು: ಹಳೇ ಸಿಸ್ಟಮ್‌ಗೆ ಭದ್ರತೆ ಇಲ್ಲ, ಸೋಮವಾರದೊಳಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿ, ಇಲ್ಲದಿದ್ದರೆ ಆರ್ಡರ್ ಇಲ್ಲ.

"ಎಲ್ಲರೂ ಬದಲಾಯಿಸ್ತಿದ್ದಾರೆ ಪುಟ್ಟಿ," ಎಂದ ಅಣ್ಣ. "ನಾವೊಬ್ರೇ ಹಳೇ ಡಬ್ಬಿ ತಬ್ಕೊಂಡು ಕೂತಿರಬೇಕಾ?"

"ನನ್ನ ಡಿಸೈನ್‌ಗಳು ಹೊಸದ್ರಲ್ಲಿ ಬರದಿದ್ರೆ, ಅಣ್ಣಾ?"

"ರೆಡಿಮೇಡ್ ತಗೊಂಡ್ರಾಯ್ತು. ಬೇಕಾದಷ್ಟು ಸಿಗುತ್ತಲ್ಲ!"

ಬೇಕಾದಷ್ಟು... ಹನ್ನೊಂದು ವರ್ಷ, ಒಂದೊಂದು ಎಲೆಯ ನರಕ್ಕೂ ದಾರದ ದಿಕ್ಕು ಕೊಟ್ಟು ಅವಳು ಈ ಕಂಪ್ಯೂಟರಿನಲ್ಲಿ ರೂಪಿಸಿದ್ದು ಆರುನೂರು ಕಸೂತಿ ಚಿತ್ರ. ಅವಳದು ಅಂತ ಇದ್ದದ್ದು ಅವಿಷ್ಟೇ.

ಆತನತ್ತ ತಿರುಗಿದಳು. "ನೀವೇ ಹೇಳಿ. ಉಳಿಯುತ್ವಾ?"

ಆತ ಅವಳನ್ನೇ ನೋಡಿದ. ತುಟಿ ಅಲುಗಿತು. ಆದರೆ ಏನೂ ಹೇಳಲಿಲ್ಲ. ಫೈಲುಗಳ ಪ್ರತಿ ಮಾಡಿಕೊಂಡು ಹೊರಟುಹೋದ.

"ನೋಡಿದ್ಯಾ? ಸುಮ್ನಿದ್ದಾನೆ ಅಂದ್ರೆ ಒಪ್ಪಿದ್ದಾನೆ ಅಂತ!" ಅಣ್ಣ ನಕ್ಕ.

ಗುರುವಾರ ಕಳೆಯಿತು. ಶುಕ್ರವಾರವೂ. ಫೋನಿಲ್ಲ. ಕೂತರೆ ಏಳಬೇಕು, ಎದ್ದರೆ ಬಾಗಿಲ ತನಕ ಹೋಗಿ ಬರಬೇಕು. ಕೋಪವೇ? ಕೋಪವೇ ಇರಬೇಕು... ಹಾಗಾದರೆ ಆ ಕಣ್ಣುಗಳು ಯಾಕೆ ಮತ್ತೆ ಮತ್ತೆ ನೆನಪಾಗುತ್ತಿವೆ? ಗುರುತಿಲ್ಲದವನ ಒಂದು ಮಾತಿಗೆ ಇಷ್ಟು ಕಾಯ್ತೀಯಾ, ಹುಚ್ಚಿ!

"ಏನೇ ಅದು, ಮರಿ ಕಚ್ಕೊಂಡ ಬೆಕ್ಕಿನ ಹಾಗೆ ತಿರುಗ್ತಿದ್ದೀಯ?" ಬಟ್ಟೆ ಮಡಚುತ್ತಿದ್ದ ಅತ್ತಿಗೆ ಕೆಣಕಿದಳು.

ಶನಿವಾರ ಮಧ್ಯಾಹ್ನ ಅವಳೇ ಆತನ ಅಂಗಡಿಗೆ ನುಗ್ಗಿದಳು.

"ಬಾಯಿಲ್ವಾ ನಿಮಗೆ? ನನ್ನ ಹನ್ನೊಂದು ವರ್ಷ ಅಳಿಸಿಹಾಕೋಕೆ ಮಾತ್ರ..."

ತಲೆಯೆತ್ತಿ ನೋಡಿದಳು.

ಬಿಚ್ಚಿಟ್ಟ ಕಂಪ್ಯೂಟರುಗಳ ಮೇಲೆ ಒಂದು ಹಗ್ಗ ಕಟ್ಟಿತ್ತು. ಅದರ ತುಂಬ ಬಟ್ಟೆಯ ತುಂಡುಗಳು. ಎಲ್ಲದರಲ್ಲೂ ಅವಳದೇ ಚಿತ್ರ. ಆದರೆ ಪಾರಿವಾಳ ಹಸಿರು, ಗುಲಾಬಿ ಕಪ್ಪು!

"ಹೊಸ ಸಿಸ್ಟಮ್‌ನಲ್ಲಿ ತೆರೆದೆ," ಆತ ತಲೆ ತಗ್ಗಿಸಿದ. "ಪರದೆ ಮೇಲೆ ಎಲ್ಲಾ ಸರಿಯಾಗೇ ಕಾಣ್ತಿತ್ತು. ಸ್ನೇಹಿತನ ಯಂತ್ರದಲ್ಲಿ ಹೊಲಿಸಿದ್ಮೇಲೆ ಗೊತ್ತಾಯ್ತು, ಬಣ್ಣ ಎಲ್ಲಾ ಅದಲುಬದಲು. ಮೂರು ದಿನ ನೋಡಿದೆ... ಸರಿ ಹೋಗ್ಲಿಲ್ಲ."

"ಒಂದು ಮಾತು ಹೇಳಬಹುದಿತ್ತಲ್ಲ!"

"ಉಳಿಯುತ್ತೆ ಅಂತ ಹೇಳಿ ಉಳೀದಿದ್ರೆ? ಹಿಂದೆ ಒಬ್ಬರು ಫೋಟೋ ಸ್ಟುಡಿಯೋದವರಿಗೆ ಹಾಗೇ ಹೇಳಿದ್ದೆ. ಅವ್ರದ್ದೆಲ್ಲ ಹೋಯ್ತು. ಆವತ್ತಿಂದ, ಖಂಡಿತ ಗೊತ್ತಾಗೋವರೆಗೂ ನಾನು ಬಾಯಿ ಬಿಡಲ್ಲ."

ಅವಳು ಮತ್ತೆ ಆ ತುಂಡುಗಳನ್ನು ನೋಡಿದಳು. ಒಪ್ಪಿಗೆ ಅಂದುಕೊಂಡದ್ದು ಭಯವಾಗಿತ್ತೇ...

"ಹಾಗಾದ್ರೆ ಸೋಮವಾರ?"

"ನೀವು ಬರೋಕೆ ಸ್ವಲ್ಪ ಮುಂಚೆ ನಿಮ್ಮಣ್ಣನಿಗೆ ಫೋನ್ ಮಾಡಿ ಈ ಕೆಲಸ ನಾನು ಮಾಡಲ್ಲ ಅಂದೆ. ಗಿರಾಕಿಗಳ ವ್ಯವಹಾರಕ್ಕೆ ಒಂದು ಹೊಸ ಕಂಪ್ಯೂಟರ್ ತಗೊಳ್ಳಿ, ಕಸೂತಿಯದು ಹಳೇದೇ ಇರಲಿ, ಅದರ ಇಂಟರ್ನೆಟ್ ತಂತಿ ಕಿತ್ತುಬಿಡಿ ಅಂದೆ. ಗಿರಾಕಿಯನ್ನೂ ಕೇಳಿದೆ. ಅಷ್ಟು ಸಾಕಂತೆ."

"ಅಣ್ಣ ಏನಂದ?"

"ಮೊದ್ಲು ಬೈದ್ರು. ಆಮೇಲೆ, 'ಇಷ್ಟು ಹೇಳೋಕೆ ಮೂರು ದಿನ ಬೇಕಿತ್ತಾ ಮಾರಾಯ' ಅಂತ ಒಪ್ಕೊಂಡ್ರು."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಹಗ್ಗದಿಂದ ಕಪ್ಪು ಗುಲಾಬಿಯ ತುಂಡನ್ನು ಬಿಡಿಸಿಕೊಂಡಳು. ಬಟ್ಟೆಯ ಹಿಂಬದಿಯಲ್ಲಿ ದಾರ ಗಂಟುಗಂಟಾಗಿತ್ತು, ಬಿಚ್ಚಿ ಮತ್ತೆ ಹೊಲಿದ ಗುರುತು.

"ಇದನ್ನ ನಾನು ಇಟ್ಕೊಳ್ಲಾ?"

"ಅದು ತಪ್ಪಾಗಿದೆ."

"ಗೊತ್ತು."

ಹೊರಗೆ ವಾಹನಗಳ ಸದ್ದು. ಆತ ಮೇಜಿನ ಮೇಲಿನ ಸ್ಕ್ರೂ ಒಂದನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ.

"ನಾಳೆ ನನಗೆ ಕೆಲಸ ಇಲ್ಲ. ನೀವು... ನನ್ನ ಜೊತೆ ಬರ್ತೀರಾ?"

"ಎಲ್ಲಿಗೆ?"

"ಅದು ಯೋಚನೆ ಮಾಡಿಲ್ಲ. ನೀವು ಜೊತೆಗಿರಬೇಕು ಅನ್ನೋದು ಮಾತ್ರ ಗೊತ್ತು."

ಅವಳು ಕಪ್ಪು ಗುಲಾಬಿಯ ತುಂಡನ್ನು ಮಡಚಿಕೊಂಡಳು. "ಖಂಡಿತ ಗೊತ್ತಾ?"

ಈ ಸಲ ಆತ ಒಂದು ಕ್ಷಣವೂ ತಡೆಯಲಿಲ್ಲ.

"ಖಂಡಿತ."

"ಹಾಗಾದ್ರೆ ಬರ್ತೀನಿ."