ನಾಲ್ಕನೇ ಸಾಲಿನ ಬಟ್ಟಲು

“ನನ್ನ ಮೇಲೆ ಕೋಪಾನಾ?”

ರುಚಿ ಪರೀಕ್ಷೆಯ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಅವನು ಕೇಳಿದ. ಅವಳು ನಲ್ಲಿಯ ಕಡೆ ತಿರುಗಿದಳು. ರುಚಿ ನೋಡುವ ದಿನ ಮೈಮೇಲೆ ಯಾವ ಪರಿಮಳವೂ ಇರಕೂಡದು, ಸೋಪು ಕೂಡ ಮುಟ್ಟುವಂತಿಲ್ಲ. ಬರೀ ನೀರಿನಲ್ಲಿ ಕೈ ಉಜ್ಜುತ್ತಲೇ ಇದ್ದಳು.

“ಒಂದು ವಾರದಿಂದ ನೋಡ್ತಿದೀನಿ. ನಾನು ಎದುರಿಗೆ ಬಂದ್ರೆ ದಾರಿ ಬದಲಾಯಿಸ್ತೀರಿ. ಏನು ತಪ್ಪು ಮಾಡಿದೆ ಅಂತಾದ್ರೂ ಹೇಳಿ.”

“ಇವತ್ತು ನಿಮ್ಮ ಕಾಫಿ ಮೇಜಿಗೆ ಬರುತ್ತೆ. ನಾವು ಮಾತಾಡೋ ಹಾಗಿಲ್ಲ. ದಾರಿ ಬಿಡಿ.”

ಬಿಟ್ಟ. ಹಾದುಹೋಗುವಾಗ ಅವನ ಅಂಗಿಯಿಂದ ಹುಳಿಬಂದ ಹಣ್ಣಿನ ವಾಸನೆ ಬಂತು. ಸದಾ ಕಾಫಿ ಹಣ್ಣನ್ನು ಡ್ರಮ್ಮಿನಲ್ಲಿ ಹುಳಿಬರಲು ಇಟ್ಟುಕೊಂಡು ಕೂರುವ ಈ ವಿಜ್ಞಾನಿಗೆ ಸಂಶೋಧನಾ ಕೇಂದ್ರವೆಲ್ಲ ಸೇರಿ ಇಟ್ಟ ಹೆಸರು ಹುಳಿಯಪ್ಪ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವಳು ಮಾತ್ರ ಒಂದು ಹೆಜ್ಜೆ ನಿಧಾನ ಮಾಡುತ್ತಿದ್ದಳು. ಅವಳಿಗಿದ್ದದ್ದು ಕೋಪವಲ್ಲ, ಭಯ.

ಅವನು ಬೆಳೆಸುವ ರೊಬಸ್ಟಾ ಜಾತಿಯ ಕಾಫಿ ಎಂದರೆ ಎಲ್ಲರೂ ಮೂಗು ಮುರಿಯುವವರೇ. ಕಹಿ, ಒರಟು, ಮರದ ಹೊಟ್ಟಿನ ವಾಸನೆ, ಬೆರಕೆಗಷ್ಟೇ ಲಾಯಕ್ಕು. ತಪ್ಪು ಹಣ್ಣಿನದಲ್ಲ, ನಮ್ಮ ಅವಸರದ್ದು ಎಂದು ಅವನೊಬ್ಬ ಹಟ ಹಿಡಿದಿದ್ದ. ಪೂರ್ತಿ ಕೆಂಪಾದ ಹಣ್ಣನ್ನೇ ಆರಿಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿಬರಲು ಇಟ್ಟು, ನೆರಳಿನಲ್ಲಿ ಮೆಲ್ಲಗೆ ಒಣಗಿಸುತ್ತಿದ್ದ. ಇವತ್ತು ಸರಾಸರಿ ಎಂಬತ್ತು ಅಂಕ ಬಂದರೆ ಅವನ ಗಿಡಗಳು ಉಳಿಯುತ್ತವೆ. ಬಾರದಿದ್ದರೆ ಗಿಡಗಳನ್ನು ಕಿತ್ತು ಅವನನ್ನು ದೂರದ ಇನ್ನೊಂದು ಕೇಂದ್ರಕ್ಕೆ ಕಳಿಸುತ್ತಾರೆ. ಅಂಕ ಕೊಡುವ ನಾಲ್ವರಲ್ಲಿ ಅವಳೂ ಒಬ್ಬಳು.

ಉದ್ದನೆಯ ಮೇಜಿನ ಮೇಲೆ ಬಟ್ಟಲುಗಳ ಸಾಲು. ಯಾವ ಸಾಲು ಯಾರದೆಂದು ರುಚಿ ನೋಡುವವರಿಗೆ ಗೊತ್ತಿರಬಾರದು, ಅವರ ಮುಖದಲ್ಲಿ ಏನೂ ಕಾಣಬಾರದು. ಚಮಚದಿಂದ ಸೊರ್ರನೆ ಹೀರಿ, ಬಾಯೆಲ್ಲ ಆಡಿಸಿ, ಉಗಿಯುವ ಲೋಟಕ್ಕೆ ಉಗಿಯಬೇಕು. “ಕಾಫಿ ಕುಡಿದು ಉಗಿಯೋಕೂ ಸಂಬಳ ಕೊಡ್ತಾರೇನೇ?” ಎಂದು ಅವಳ ಅಮ್ಮ ನೆಂಟರೆದುರು ನಗುತ್ತಿದ್ದರು. ಅಮ್ಮ ನಕ್ಕರೇನು, ತನ್ನ ನಾಲಿಗೆ ಸುಳ್ಳು ಹೇಳುವುದಿಲ್ಲ ಎಂಬ ಜಂಬ ಅವಳಿಗಿತ್ತು.

ಗಾಜಿನ ಗೋಡೆಯಾಚೆ ಅವನು ನಿಂತಿದ್ದ. ಬೇರೆ ದಿನಗಳಲ್ಲಾದರೆ ಅಲ್ಲಿಂದಲೇ ಹುಬ್ಬು ಹಾರಿಸಿ ಅವಳ ಕಲ್ಲುಮುಖ ಕೆಡಿಸಲು ನೋಡುತ್ತಿದ್ದ. ಅವಳು ತುಟಿ ಕಚ್ಚಿ ನಗು ನುಂಗುತ್ತಿದ್ದಳು. ಇವತ್ತು ಅವನ ಹುಬ್ಬು ಗಂಟಿಕ್ಕಿತ್ತು.

ನಾಲ್ಕನೇ ಸಾಲಿಗೆ ಬಂದಳು. ಬಟ್ಟಲ ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದಿಂದ ಒಡೆದು ಬಗ್ಗಿ ಮೂಸಿದಳು. ಇದು ಅವನದೇ.

ಹೋದ ತಿಂಗಳ ಒಂದು ಸಂಜೆ, ಒಣಗುತ್ತಿದ್ದ ಒಂದು ಹಣ್ಣನ್ನು ಅವನು ಅವಳ ಅಂಗೈಗೆ ಇಟ್ಟಿದ್ದ. ಬೆರಳು ತುಸು ಹೆಚ್ಚೇ ಹೊತ್ತು ಅಲ್ಲಿ ನಿಂತಿತ್ತು. ಬೇಡವೆನ್ನಬೇಕಿತ್ತು, ಅವಳು ಬಾಯಿಗೆ ಹಾಕಿಕೊಂಡಿದ್ದಳು. ಮೊದಲು ಬೆಲ್ಲದ ಸಿಹಿ, ಹಿಂದೆಯೇ ಕಿತ್ತಳೆ ಸಿಪ್ಪೆಯ ಘಮ. ಅದೇ ಘಮ ಈಗ ಬಟ್ಟಲಿನಿಂದ ಏಳುತ್ತಿತ್ತು.

ಹೀರಿದಳು. ಚೆನ್ನಾಗಿತ್ತು. ಅಥವಾ ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹೇಳುತ್ತಿರುವುದು ನಾಲಿಗೆಯೋ ಮನಸ್ಸೋ? ಮೊದಲ ಸಲ ಅವಳಿಗೆ ತಿಳಿಯಲಿಲ್ಲ. ಮತ್ತೆ ಹೀರಿದಳು, ಮತ್ತೆ ಉಗಿದಳು, ಬೆವರಿದಳು. ಕೊನೆಗೆ, ಪ್ರೀತಿಗೆ ಮಣಿದೆನೆಂದು ಆಗಬಾರದೆಂಬ ಹೆದರಿಕೆಯಲ್ಲಿ, ಕಲ್ಲು ಮನಸ್ಸು ಮಾಡಿ ಎಪ್ಪತ್ತು ಎಂದು ಬರೆದುಬಿಟ್ಟಳು.

ಎಲ್ಲರ ಅಂಕಗಳನ್ನೂ ಕೂಡಿಸಿದ್ದು ತಂಡದ ಹಿರಿಯರು. ಎಲ್ಲರಿಗೂ ಅವರು ಮೇಷ್ಟ್ರು.

“ನಾಲ್ಕನೇ ಸಾಲಿಗೆ ನಾವು ಮೂವರೂ ಎಂಬತ್ತರ ಮೇಲೆ ಕೊಟ್ಟಿದೀವಿ. ನೀನೊಬ್ಬಳೇ ಎಪ್ಪತ್ತಾ? ಅದರಿಂದ ಸರಾಸರಿ ಕೆಳಗೆ ಬಿತ್ತಲ್ಲಮ್ಮಾ. ದೋಷ ಏನು ಸಿಕ್ತು?”

ದೋಷವಿದ್ದರೆ ಅದನ್ನು ಮಾಡಿದವರ ಎದುರಿಗೇ ಹೇಳುವುದು ಆ ಕೋಣೆಯ ಪದ್ಧತಿ. ಮೇಷ್ಟ್ರು ಯಾವ ಸಾಲು ಯಾರದೆಂಬ ಪಟ್ಟಿ ಬಿಚ್ಚಿ ನೋಡಿ, ಗಾಜಿನಾಚೆ ಕೈ ಬೀಸಿ ಅವನನ್ನು ಒಳಗೆ ಕರೆದರು.

“ಹೇಳು. ಬೂಷ್ಟು ವಾಸನೇನಾ? ಮಣ್ಣು ವಾಸನೇನಾ?”

“ದೋಷ ಕಾಫಿಯದಲ್ಲ ಮೇಷ್ಟ್ರೇ, ನಂದು. ಮೂಸಿದ ತಕ್ಷಣ ಇವರದು ಅಂತ ಗೊತ್ತಾಯ್ತು. ಬೇಕಂತಲೇ ಕಡಿಮೆ ಹಾಕಿದೆ.”

“ಬೇಕಂತಲೇನಾ?” ಅವನ ದನಿ ಒಡೆಯಿತು. “ಗಿಡ ಕೀಳ್ತಾರೆ ಅಂತ ಗೊತ್ತಿದ್ದೂ? ನನ್ನ ಮೇಲೆ ಅಷ್ಟು ದ್ವೇಷಾನಾ ನಿಮಗೆ?”

“ಸ್ವಲ್ಪ ಇರಪ್ಪ,” ಎಂದು ಮೇಷ್ಟ್ರು ಅವನನ್ನು ತಡೆದರು. “ಜೊತೆ ಕೆಲಸ ಮಾಡೋರ ಕಾಫೀನ ನಾವೆಲ್ಲ ಒಂದಲ್ಲ ಒಂದು ಸಲ ಗುರುತು ಹಿಡಿದೇ ಇರ್ತೀವಮ್ಮಾ. ಅಷ್ಟಕ್ಕೇ ನಿನ್ನ ಅಂಕ ತೆಗೆಯೋಕಾಗಲ್ಲ. ಬೇಕಂತಲೇ ಯಾಕೆ ಕಡಿಮೆ ಹಾಕಿದೆ ಅನ್ನೋದಕ್ಕೆ ಸರಿಯಾದ ಕಾರಣ ಬೇಕು.”

ಅಂದರೆ, ಬಾಯಿ ಬಿಡದಿದ್ದರೆ ಎಪ್ಪತ್ತೇ ಗಟ್ಟಿ. ಅವನು ಹೋಗುತ್ತಾನೆ. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಇವರು ಬರೀ ಬಿಸಿನೀರು ಕೊಟ್ಟರೂ ನನಗೆ ರುಚಿ ಅನ್ಸುತ್ತೆ ಮೇಷ್ಟ್ರೇ. ಆ ಹೆದರಿಕೆಗೇ ಕಡಿಮೆ ಹಾಕಿದ್ದು. ವಾರದಿಂದ ಇವರ ಮುಖ ನೋಡದೆ ಓಡಾಡಿದ್ದೂ ಅದಕ್ಕೇ. ನನಗೆ ಇವರು ಅಂದ್ರೆ ಇಷ್ಟ. ಮದುವೆ ಆಗೋಷ್ಟು ಇಷ್ಟ. ಕಾರಣ ಸಾಕಾ?”

ಯಾರದೋ ಚಮಚ ಠಣ್ಣನೆ ನೆಲಕ್ಕೆ ಬಿತ್ತು. ಅವಳು ತಲೆ ಎತ್ತಲಿಲ್ಲ.

“ಸಾಕು,” ಎಂದರು ಮೇಷ್ಟ್ರು, ಕನ್ನಡಕ ಒರೆಸಿಕೊಳ್ಳುತ್ತ. “ನಿನ್ನ ಅಂಕ ಲೆಕ್ಕಕ್ಕಿಲ್ಲ. ಆದ್ರೆ ಇನ್ಮೇಲೆ ಇವನ ಕಾಫಿ ಬಂದ ದಿನ ನೀನು ಈ ಮೇಜಿಗೆ ಬರೋ ಹಾಗಿಲ್ಲ. ಒಪ್ಪಿಗೇನಾ?”

ಅವಳ ಜಂಬವೆಲ್ಲ ಇದ್ದದ್ದು ಈ ಮೇಜಿನಲ್ಲಿ. ಕೈಯಲ್ಲಿದ್ದ ಚಮಚವನ್ನು ಮೇಜಿನ ಮೇಲೆ ಇಟ್ಟಳು.

“ಒಪ್ಪಿಗೆ.”

“ಹಾಗಾದ್ರೆ ಎಂಬತ್ತರ ಮೇಲೇ ಆಯ್ತು. ಗಿಡ ಕೀಳೋದು ಬೇಡ ಅಂತ ನಾನೇ ಬರೀತೀನಿ,” ಎಂದು ಮೇಷ್ಟ್ರು ಉಳಿದಿಬ್ಬರನ್ನೂ ಎಬ್ಬಿಸಿಕೊಂಡು ಹೊರಟರು. ಅವರಿಬ್ಬರಿಗೆ ಹೋಗುವ ಮನಸ್ಸೇ ಇರಲಿಲ್ಲ.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳು ಬಟ್ಟಲುಗಳನ್ನು ಜೋಡಿಸತೊಡಗಿದಳು.

“ಅವತ್ತು ಹಣ್ಣು ಕೊಟ್ಟೆನಲ್ಲ,” ಎಂದ ಅವನು, “ಅದು ರುಚಿ ಹೇಗಿದೆ ಅಂತ ಕೇಳೋಕಲ್ಲ.”

“ಮತ್ತೆ?”

“ನಿಮ್ಮ ಕೈ ಮುಟ್ಟೋಕೆ ಬೇರೆ ದಾರಿ ಗೊತ್ತಿರಲಿಲ್ಲ.”

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವನು ನಾಲ್ಕನೇ ಸಾಲಿನ ಬಟ್ಟಲೊಂದನ್ನು ಎತ್ತಿ ಅವಳ ಮುಂದೆ ಹಿಡಿದ. “ಈಗಲಾದ್ರೂ ನಿಜ ಹೇಳಿ, ಹೇಗಿದೆ?”

“ಅಂಕ ಕೊಡೋ ಹಕ್ಕು ಹೋಯ್ತಲ್ಲ.”

“ಅಂಕ ಯಾರು ಕೇಳಿದ್ರು?”

ಬಟ್ಟಲು ತಣ್ಣಗಾಗಿತ್ತು. ಅವನ ಕಣ್ಣನ್ನೇ ನೋಡುತ್ತ ಅವಳು ಒಂದು ಗುಟುಕು ತೆಗೆದುಕೊಂಡಳು. ಅಭ್ಯಾಸಬಲದಿಂದ ಕೈ ಉಗಿಯುವ ಲೋಟದ ಕಡೆ ಹೋಯಿತು. ಅವನು ಉಸಿರು ಬಿಗಿಹಿಡಿದು ಆ ಕೈಯನ್ನೇ ನೋಡುತ್ತಿದ್ದ.

ಅವಳು ಲೋಟವನ್ನು ಆಚೆ ಸರಿಸಿ, ಗುಟುಕನ್ನು ನುಂಗಿದಳು.