ಒಂಬತ್ತನೇ ಕಲಮಿನ ‘ಬೇಕು’

ಟ್ರಾಮಿನ ನೂಕುನುಗ್ಗಲಿನಲ್ಲಿ ನನ್ನ ಪಕ್ಕೆಗೆ ಏನೋ ಗಟ್ಟಿಯಾಗಿ ಒತ್ತಿತು.

ಪಿಸ್ತೂಲು!

“ಮುದುಕಿಯ ಬ್ಯಾಗ್ ಕೊಡಿಸು. ತೆಪ್ಪಗೆ ಇಳಿದು ಹೋಗ್ತೀನಿ,” ಬೆನ್ನ ಹಿಂದಿನವನು ಪಿಸುಗುಟ್ಟಿದ.

ಮುದುಕಿ ಎಂದರೆ ನನ್ನ ಕೆಳಗಿನ ಮನೆಯ ಅಪೊಲೀನ್ ಜಾಕಿಯೆ. ಜಿನೀವಾದ ಸಮ್ಮೇಳನಗಳಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುವವಳು. ಎದುರು ಸೀಟಿನಲ್ಲಿ ಬ್ಯಾಗ್ ತಬ್ಬಿ ಕೂತಿದ್ದಳು.

ಬೆಳಿಗ್ಗೆ ಒಂಬತ್ತಕ್ಕೆ ನನ್ನ ಬಾಗಿಲು ಬಡಿದಿದ್ದಳು.

“ಇವಾನ್, ನೆಲಬಾಂಬಿನ ಹೊಸ ಒಪ್ಪಂದಕ್ಕೆ ಇವತ್ತು ಹತ್ತಕ್ಕೆ ಸಹಿ. ಒಂಬತ್ತನೇ ಕಲಮು ತಿರುಚಿದಾರೆ ಕಣೋ! ಇರೋ ಬಾಂಬನ್ನೆಲ್ಲ ನಾಶ ಮಾಡಬೇಕು ಅಂತಿತ್ತು. ಸಹಿ ಹಾಕೋ ಪ್ರತೀಲಿ ಮಾಡಬಹುದು ಅಂತಾಗಿದೆ!”

“ಯಾರಿಗೆ ಹೇಳಿದ್ರಿ?”

“ಕರಡು ಸಮಿತಿಯ ಹೋಕ್ಸ್‌ಗೆ... ಈಗ ತಾನೇ ಫೋನ್ ಮಾಡಿದೆ.”

ಮಾತು ಮುಗಿದಿರಲಿಲ್ಲ. ಕೆಳಗೆ ಅವಳ ಮನೆಯ ಬಾಗಿಲು ಒಡೆಯುವ ಸದ್ದು!

“ಸರಿಹೋಯ್ತು! ಕಳ್ಳನ ಕೈಗೇ ಬೀಗದ ಕೈ ಕೊಟ್ಟಿದ್ದೀರಿ!”

ಹಿಂದಿನ ಮೆಟ್ಟಿಲಿಳಿದು ಟ್ರಾಮ್ ಹಿಡಿದಿದ್ದೆವು. ಅವಳ ಬ್ಯಾಗಿನಲ್ಲಿ ಮೂಲ ಕರಡಿತ್ತು. ಪುಟಪುಟಕ್ಕೂ ಎಲ್ಲ ದೇಶಗಳ ರುಜು.

ಈಗ ಈ ಪಿಸ್ತೂಲು.

ನನಗೆ ಮೈಯೆಲ್ಲ ಉರಿಯಿತು. ಪಿಸ್ತೂಲಿಗಲ್ಲ... ಆ ‘ಬಹುದು’ಗೆ! ಆರು ವರ್ಷ ಕಾಂಬೋಡಿಯಾದ ಗದ್ದೆಗಳಲ್ಲಿ ನೆಲಬಾಂಬು ಕಿತ್ತವನು ನಾನು. ಜೊತೆಗಾರ ಬೆಯಾಟ್‌ನ ಕಾಲನ್ನು ಹುಲ್ಲಿನಲ್ಲಿ ಹುಡುಕಿದವನು.

ಕಾಲು ಸಿಕ್ಕಿತು. ಅಷ್ಟರಲ್ಲಿ ಬೆಯಾಟ್ ಹೋಗಿಬಿಟ್ಟಿದ್ದ.

ಟ್ರಾಮ್ ಬ್ರೇಕ್ ಹಾಕಿತು. ಎಲ್ಲರೂ ಮುಂದಕ್ಕೆ ವಾಲಿದರು. ನಾನು ಹಿಂದಕ್ಕೆ ನುಗ್ಗಿದೆ! ಮೊಣಕೈ ಅವನ ಗಂಟಲಿಗೆ. ಮಣಿಕಟ್ಟು ತಿರುಚಿದೆ. ಕಟಕ್! ಪಿಸ್ತೂಲನ್ನು ಸೀಟಿನಡಿಗೆ ಒದ್ದೆ.

“ಓಡಿ ಮೇಡಂ!”

“ಈ ಮಂಡೀಲಿ ಓಡೋದಾ? ನಿನ್ನ ತಲೆ!”

ಬೈಯುತ್ತಲೇ ಟ್ರಾಮ್ ಇಳಿದು ಓಡಿದಳು, ಹಿಂದೆಯೇ ನಾನು. ಟ್ರಾಮನ್ನು ಹಿಂಬಾಲಿಸಿ ಬಂದಿದ್ದ ಕಪ್ಪು ಕಾರೊಂದು ಫುಟ್‌ಪಾತ್ ಹತ್ತಿತು. ನಮ್ಮ ಮೇಲೇ ಬಂತು! ಅವಳನ್ನು ಅನಾಮತ್ತಾಗಿ ಎತ್ತಿಕೊಂಡು ಕಬ್ಬಿಣದ ಕಂಬಗಳ ನಡುವೆ ಹಾರಿದೆ. ಕಾರು ಕಂಬಕ್ಕೆ ಗುದ್ದಿ ನಿಂತಿತು.

ಸಭಾಂಗಣದಲ್ಲಿ ಪೆನ್ನಿನ ಮುಚ್ಚಳಗಳು ಆಗಲೇ ತೆರೆದಿದ್ದವು.

“ನಿಲ್ಲಿಸಿ!” ಅಪೊಲೀನ್ ಕಿರುಚಿದಳು. ಅಧ್ಯಕ್ಷೆ ಹಿಮೇನಾ ಉರುಟಿಯಾ ಮುಂದೆ ಮೂಲ ಕರಡನ್ನೂ ಸಹಿಗಿಟ್ಟಿದ್ದ ಪ್ರತಿಯನ್ನೂ ಹರಡಿದಳು.

ಅಧ್ಯಕ್ಷೆ ಓದಿದಳು. ಮತ್ತೊಮ್ಮೆ ಓದಿದಳು.

“ಮುದ್ರಣದೋಷ ಇರಬೇಕು ಮೇಡಂ,” ಹೋಕ್ಸ್ ನಕ್ಕ.

“ಆರು ಭಾಷೆಯಲ್ಲೂ ಒಂದೇ ಮುದ್ರಣದೋಷವೇ, ಹೋಕ್ಸ್?”

ನಗು ಹಾರಿಹೋಯಿತು.

ಪುಟ ಬದಲಾಯಿತು. ಮಧ್ಯಾಹ್ನ ಸಹಿ ಬಿತ್ತು... ‘ಬೇಕು’ ಎಂದೇ! ಅಪೊಲೀನ್ ಮೂಲೆಯ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಅಳುತ್ತಿದ್ದಳು.

ಹೋಕ್ಸ್‌ನನ್ನು ಹಿಡಿಯಿರಿ ಎಂದು ಕಾವಲಿನವರಿಗೆ ಹೇಳಿದೆ. ಅವರು ತಲೆ ತಗ್ಗಿಸಿದರು. ಅವನು ರಾಜತಾಂತ್ರಿಕನಂತೆ. ಮುಟ್ಟುವಂತಿಲ್ಲ!

ಕಾರಿಡಾರಿನಲ್ಲಿ ಅವನು ಟೈ ಸರಿಮಾಡಿಕೊಳ್ಳುತ್ತ ನನ್ನ ಬಳಿ ನಿಂತ.

“ಒಂದು ಪದಕ್ಕೆ ಇಷ್ಟೊಂದು ರಂಪವೇನಯ್ಯಾ?”

ಬೆಯಾಟ್‌ನ ತಾಯಿಯ ಮುಖ ಕಣ್ಣೆದುರು ಬಂತು. ಹೋಕ್ಸ್‌ನ ಮೂಗು ಮುರಿದ ಸದ್ದು ಕಾರಿಡಾರಿನ ಆ ತುದಿಗೂ ಕೇಳಿಸಿತಂತೆ.

ಆ ದಿನ ಆ ಕಟ್ಟಡದಲ್ಲಿ ಬಂಧನವಾದದ್ದು ಒಬ್ಬನದೇ. ಶಾಂತಿಯ ಜಾಗದಲ್ಲಿ ಕೈಮಾಡಿದ್ದಕ್ಕೆ... ನನ್ನದು!