ಮೂರು ಮೂಲೆಯ ರೋಟರ್

೨೭ ಅಕ್ಟೋಬರ್ ೨೦೦೧, ಶನಿವಾರ, ಬೆಳಿಗ್ಗೆ ೯.೪೦. ಜಂಬೂಸವಾರಿಯ ಬಂದೋಬಸ್ತು ಮುಗಿಸಿದ ಠಾಣೆ ಇನ್ನೂ ಆಕಳಿಸುತ್ತಿತ್ತು. ಇನ್‌ಸ್ಪೆಕ್ಟರ್ ರುದ್ರಸ್ವಾಮಿ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಕೂರುವಷ್ಟರಲ್ಲಿ ಯಾದವಗಿರಿಯ ಸಂಜಯ್ ದೂರು ಹಿಡಿದು ಬಂದ. ಜಪಾನಿನಲ್ಲಿ ಏಳು ವರ್ಷ ಕೆಲಸ ಮಾಡಿ, ಬರುವಾಗ ಒಂದು ಮಜ್ಡಾ ಆರ್‌ಎಕ್ಸ್-೭ ಕಾರು ತಂದಿದ್ದವನು. ರಿಪೇರಿಗೆಂದು ಬಿಚ್ಚಿಟ್ಟ ಅದರ ಎಂಜಿನ್ನಿನಿಂದ ಒಂದು ರೋಟರ್ ಕಳುವಾಗಿತ್ತು. ನಿನ್ನೆ ಮನೆಯವರೆಲ್ಲ ಮೆರವಣಿಗೆ ನೋಡಲು ಹೋಗಿದ್ದರು, ಷೆಡ್ಡಿಗೆ ಬೀಗವಿರಲಿಲ್ಲ.

"ಬೇರೇನೂ ಹೋಗಿಲ್ವಾ?"

"ಇಲ್ಲ ಸಾರ್. ಪಕ್ಕದಲ್ಲೇ ಅದಕ್ಕಿಂತ ದುಬಾರಿ, ಹೊಸ ಟರ್ಬೊ ಇತ್ತು. ಅದನ್ನ ಮುಟ್ಟೂ ಇಲ್ಲ."

ಐಪಿಸಿ ೩೮೦ರಡಿ ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಕಾರಿನ ಮುಂದೆ ನಿಂತ ರುದ್ರಸ್ವಾಮಿಯವರಿಗೆ ಕೇಳಬೇಕಾದ ಪ್ರಶ್ನೆ ಮರೆತುಹೋಯಿತು. ಕಪಿಲೆಯ ನೀರು ನೂರು ವರ್ಷ ಸವರಿದ ಕಲ್ಲಿನಂತಿತ್ತು ಅದರ ಮೈ. ಸಂಜಯ್ ಉಳಿದಿದ್ದ ಇನ್ನೊಂದು ರೋಟರನ್ನು ತೋರಿಸಿದ.

"ಇದರಲ್ಲಿ ಪಿಸ್ಟನ್ನೇ ಇಲ್ಲ ಸಾರ್. ಈ ಮೂರು ಮೂಲೆ ಕಬ್ಬಿಣ ತಿರುಗ್ತದೆ, ಅಷ್ಟೇ. ಮೂಲೆಗೊಂದು ಪಟ್ಟಿ. ಎಪ್ಪತ್ತೆಂಟರ ಮೊದಲ ಕಾರಲ್ಲಿ ಪಟ್ಟಿ ಮೂರು ಮಿಲಿಮೀಟರ್ ದಪ್ಪ ಇತ್ತು, ಆಮೇಲೆ ಎರಡಕ್ಕಿಳಿಸಿದ್ರು. ಟರ್ಬೊ ಬಂತು, ಒಂದಿದ್ದದ್ದು ಎರಡಾಯ್ತು. ಬಲವೂ ಎರಡರಷ್ಟಾಯ್ತು. ಅಷ್ಟು ಬೆಂಕಿ ತಡೆಯೋದು ಮಾತ್ರ ಈ ಬೆರಳುದ್ದದ ಪಟ್ಟಿನೇ."

ರುದ್ರಸ್ವಾಮಿ ಅದನ್ನು ಬಿಲ್ವದೆಲೆಯಂತೆ ಎರಡೂ ಕೈಯಲ್ಲಿ ಹಿಡಿದರು. ಆಗಲೇ ಕಂಡದ್ದು: ಅದರ ಮೇಲೆ ಮೂರು ಬೆರಳಿನ ಮಾಸಲು ವಿಭೂತಿ. ಎಂಜಿನ್ನಿನ ತೆರೆದ ರಂಧ್ರಗಳಿಗೆಲ್ಲ ಧೂಳು ಬೀಳದಂತೆ ಬಟ್ಟೆ ತುರುಕಿತ್ತು.

ಕಾನ್‌ಸ್ಟೇಬಲ್ ಚೆಲುವರಾಜು ನಕ್ಕ. "ಕದಿಯಕ್ ಬಂದೋನು ಪೂಜೆ ಮಾಡ್ಬುಟ್ಟು ಹೋಗವ್ನಲ್ಲ ಸಾರ್! ದಕ್ಷಿಣೆನೂ ಅವ್ನೇ ಎತ್ಕೊಂಡವ್ನೆ."

"ಆಯುಧಪೂಜೆಗೆ ನೀವು ವಿಭೂತಿ ಇಟ್ರಾ?"

"ಇಲ್ಲ ಸಾರ್. ನಮ್ಮಲ್ಲಿ ಅರಿಶಿನ, ಕುಂಕುಮ. ಆ ಬಟ್ಟೆನೂ ನಮ್ಮದಲ್ಲ."

ರುದ್ರಸ್ವಾಮಿ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಕೊಡವಿದರು. ಸುರುಳಿ ಸುರುಳಿ ಕಬ್ಬಿಣದ ಸಿಬಿರು ಉದುರಿತು. ಲೇತ್ ಮುಂದೆ ನಿಲ್ಲುವವನ ಬಟ್ಟೆ.

"ಯಾವ ಟರ್ನರ್ ಹತ್ರ ಹೋಗಿದ್ರಿ?"

ಸಂಜಯ್ ತಡವರಿಸಿದ. "ಮೇಟಗಳ್ಳಿ ಕಾಳಯ್ಯ. ಸವೆದ ಪಟ್ಟಿ ಒಂದು ಕೊಟ್ಟು, ಇಂಥದ್ದೇ ಮಾಡು ಅಂದಿದ್ದೆ. ಮಾಡಿದ್ದು ಹೊಂದ್ಲಿಲ್ಲ. ನನ್ನ ಪಟ್ಟಿ ವಾಪಸ್ ಇಸ್ಕೊಂಡೆ."

"ಏನಂದ್ರಿ?"

"ಇದು ಜಪಾನಿನವರ ಕೆಲಸ, ಲಾರಿ ಬುಷ್ ಅಲ್ಲ, ನಿನ್ನ ಕೈಲಾಗಲ್ಲ ಬಿಡು ಅಂದೆ."

"ಯಾರೆದುರಿಗೆ?"

"ಅವನ ಗಿರಾಕಿಗಳಿದ್ರು."

ಶೋಧನಾ ವಾರಂಟ್ ಕೈಗೆ ಬಂದದ್ದು ಸೋಮವಾರ. ೧೧.೩೦ಕ್ಕೆ ಪಂಚರೊಂದಿಗೆ ಮೇಟಗಳ್ಳಿ ತಲುಪಿದಾಗ ರೋಟರ್ ಲೇತ್ ಪಕ್ಕದಲ್ಲೇ ಮಡಿಬಟ್ಟೆಯ ಮೇಲೆ ಕೂತಿತ್ತು. ಹಣೆ ತುಂಬ ವಿಭೂತಿಯ ಕಾಳಯ್ಯ ಕೈಯೊರೆಸಿಕೊಂಡು ಎದ್ದ.

"ಕಾಳಯ್ಯನೋರೇ, ನೀವೇ ತಂದ್ರಾ?"

"ಹೂಂ ಸ್ವಾಮಿ."

"ಮಾರೋಕಾ?"

"ಇದನ್ನ ಮಾರದಾ!" ಮುದುಕ ಕಿವಿ ಮುಚ್ಚಿಕೊಂಡ. "ಮೂವತ್ತು ವರ್ಸದಿಂದ ಲೇತ್ ಮುಂದೆ ನಿಂತಿವ್ನಿ. ಬರೀ ಪಟ್ಟಿ ಕೊಟ್ಟು ಮಾಡು ಅಂದ್ರೆ ಎಂಗೆ? ಅದು ಕೂರೋ ಜಾಗ ನೋಡ್ಬೇಡ್ವಾ? ತೋರ್ಸಪ್ಪ ಅಂತ ಷೆಡ್ಡಿನ ತಂಕ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸ್ಬುಟ್ರು." ಅವನ ದನಿ ತಗ್ಗಿತು. "ಇದನ್ನ ಯೋಚ್ನೆ ಮಾಡಿದ ಪುಣ್ಯಾತ್ಮ ಎಲ್ಲವ್ನೋ ಸ್ವಾಮಿ. ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ."

ಪಂಚನಾಮೆ: ಮೂರು ಪಟ್ಟಿ ಸಹಿತ ರೋಟರ್ ಒಂದು. ತಗಡಿನ ಡಬ್ಬಿಯಲ್ಲಿ, ಲಾರಿಯ ಹಳೇ ಎರಕದ ಕಬ್ಬಿಣದಿಂದ ಮಾಡಿ ಕೆಟ್ಟ ಪಟ್ಟಿಗಳು ಹನ್ನೊಂದು. ರೋಟರಿನಿಂದ ತೆಗೆದು ಬೇರೆಯಾಗಿ ಸುತ್ತಿಟ್ಟ ಜಪಾನಿನ ಪಟ್ಟಿ ಒಂದು.

"ಹಾಗಾದ್ರೆ ನೀವು ಮಾಡಿದ್ರಲ್ಲಿ ಹನ್ನೆರಡನೇದು?" ರುದ್ರಸ್ವಾಮಿ ಕೇಳಿದರು.

ಕಾಳಯ್ಯ ರೋಟರಿನ ಕಡೆ ನೋಡಿದ.

ಸಂಜೆ ೪.೧೫, ಠಾಣೆ. ಕಾಳಯ್ಯ ಬೆಂಚಿನ ಮೇಲೆ ಕೂತಿದ್ದ. ಮಾಲು ಗುರುತಿಸಲು ಬಂದ ಸಂಜಯ್ ಮೂರೂ ಮೂಲೆಗಳಿಗೆ ಉಗುರು ಆನಿಸಿ, ಒತ್ತಿ, ಜಾರಿಸಿ ನೋಡಿದ. "ನಂದೇ ಸಾರ್. ಮೂರು ಪಟ್ಟಿನೂ ಒರಿಜಿನಲ್." ಸಹಿ ಹಾಕಿದ.

ರುದ್ರಸ್ವಾಮಿ ಜಪಾನಿನ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಇದೂ ನಿಮ್ಮದೇ. ರೋಟರಿನ ಮೂರರಲ್ಲಿ ಒಂದು ಇವರು ಮಾಡಿದ್ದು."

ಸಂಜಯ್ ಮತ್ತೆ ಬಗ್ಗಿದ. ಬಹಳ ಹೊತ್ತು ನೋಡಿದ. ಕೊನೆಗೆ ಬೆಂಚಿನ ಕಡೆ ತಿರುಗಿ, "ಯಾವುದು ನಿಮ್ಮದು, ಕಾಳಯ್ಯನೋರೇ?" ಎಂದ.

ಕಾಳಯ್ಯ ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡ.

೪.೪೦ಕ್ಕೆ ದಸ್ತಗಿರಿ ದಾಖಲಾಯಿತು. ಚೆಲುವರಾಜು ಪೆನ್ನು ಹಿಡಿದು ಕಾದ. "ಕಳವಿನ ಉದ್ದೇಶ, ಸಾರ್?"

ರುದ್ರಸ್ವಾಮಿ ಮೆಲ್ಲಗೆ ಹೇಳಿ ಬರೆಸಿದರು:

"ಪಟ್ಟಿ ಕೂರುವ ಜಾಗವನ್ನು ನೋಡುವುದು."